ಮಕ್ಕಳ ಸುರಕ್ಷತೆಯಲ್ಲಿ ಪೊಲೀಸ್ ಮತ್ತು ಕುಟುಂಬ

ಮಕ್ಕಳ ಸುರಕ್ಷತೆಯಲ್ಲಿ ಪೊಲೀಸ್–ಕುಟುಂಬ ಸಹಕಾರ ಎಂದರೆ ಹದಿನೆಂಟು ವರ್ಷದೊಳಗಿನವರ ಮೇಲೆ ಅಪರಾಧ ನಡೆಯದಂತೆ ತಡೆಯಲು, ನಡೆದರೆ ತನಿಖೆ ಮಾಡಲು, ಅಪಾಯಕ್ಕೆ ಸಿಕ್ಕ ಮಗುವನ್ನು ರಕ್ಷಿಸಿ ಮನೆಗೆ ಮರಳಿಸಲು ಸ್ಥಳೀಯ ಪೊಲೀಸ್ ಠಾಣೆಯು ತಂದೆತಾಯಿ, ಪೋಷಕರು, ಶಾಲೆ ಮತ್ತು ಊರಿನ ಸಂಸ್ಥೆಗಳ ಜೊತೆಗೂಡಿ ನಡೆಸುವ ಕಾರ್ಯವ್ಯವಸ್ಥೆ. ಭಾರತದಲ್ಲಿ ಇದಕ್ಕೆ ಎರಡು ಬೇರುಗಳಿವೆ. ಒಂದು, ಬಾಲನ್ಯಾಯ ಕಾಯ್ದೆ ಮತ್ತು ಪೋಕ್ಸೊ ಕಾಯ್ದೆಗಳು ಪೊಲೀಸರ ಮೇಲೆ ಹೊರಿಸಿದ ಕಡ್ಡಾಯ ಕರ್ತವ್ಯ. ಇನ್ನೊಂದು, ಜನರ ನಡುವೆ ಓಡಾಡಿ ಕೆಲಸ ಮಾಡುವ ಸಮುದಾಯ ಪೊಲೀಸ್ ಪದ್ಧತಿ. ಈ ಲೇಖನದ ವಿವರಣೆ ಮುಖ್ಯವಾಗಿ ಕರ್ನಾಟಕಕ್ಕೆ ಸಂಬಂಧಿಸಿದ್ದು. ಕಾನೂನುಗಳು ಬಹುಪಾಲು ಇಡೀ ದೇಶಕ್ಕೆ ಅನ್ವಯಿಸುತ್ತವೆ.

ಈ ವ್ಯವಸ್ಥೆಯಲ್ಲಿ ಕುಟುಂಬದ ಸ್ಥಾನ ಒಂದೇ ಬಗೆಯದಲ್ಲ. ಕಾಣೆಯಾದ ಮಗುವಿನ ವಿಷಯದಲ್ಲಿ ಕುಟುಂಬ ದೂರುದಾರ, ಲೈಂಗಿಕ ಅಪರಾಧದಲ್ಲಿ ಮಗುವಿನ ಆಸರೆ, ಬಾಲ್ಯವಿವಾಹದಲ್ಲಿ ಹಲವು ಸಲ ಆರೋಪಿ. ಕಾನೂನು ಈ ಮೂರನ್ನೂ ಮುಂದಾಗಿಯೇ ಎಣಿಸಿ ಬೇರೆಬೇರೆ ಕ್ರಮಗಳನ್ನು ಹೇಳಿದೆ.

ಪರಿಭಾಷೆ

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015 ಮತ್ತು ಪೋಕ್ಸೊ ಎಂದೇ ಹೆಸರಾದ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, 2012 – ಇವೆರಡರಲ್ಲೂ ‘ಮಗು’ ಎಂದರೆ 18 ವರ್ಷ ತುಂಬದ ಯಾವುದೇ ವ್ಯಕ್ತಿ; ಹೆಣ್ಣು ಗಂಡು ಎಂಬ ಭೇದವಿಲ್ಲ. ಅಪರಾಧ ಮಾಡಿದ ಆರೋಪ ಹೊತ್ತ ಮಗುವನ್ನು ‘ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಗು’ ಎನ್ನಲಾಗುತ್ತದೆ. ಆರೋಪಿ, ಕೈದಿ, ಬಾಲಾಪರಾಧಿ ಎಂಬ ಮಾತುಗಳನ್ನು ದಾಖಲೆಗಳಲ್ಲಿ ಬಳಸುವಂತಿಲ್ಲ. ಮನೆಯಿಲ್ಲದ, ದುಡಿಮೆಗೆ ಹಚ್ಚಿದ, ಭಿಕ್ಷೆಗೆ ಬಿಟ್ಟ, ಹಿಂಸೆಗೆ ಒಳಗಾದ, ಕಾಣೆಯಾದ ಅಥವಾ ಬಾಲ್ಯವಿವಾಹದ ಅಂಚಿನಲ್ಲಿರುವ ಮಗು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’. ಮೊದಲ ಗುಂಪಿನ ಮಕ್ಕಳ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ, ಎರಡನೆಯ ಗುಂಪಿನ ಮಕ್ಕಳದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಡೆಯುತ್ತದೆ. ಒಂದೇ ಮಗು ಎರಡೂ ಗುಂಪಿಗೆ ಸೇರುವುದು ಅಪರೂಪವೇನಲ್ಲ.

ಹಿನ್ನೆಲೆ

ಹಳೆಯ ಗ್ರಾಮ ವ್ಯವಸ್ಥೆಯಲ್ಲಿ ಊರ ಕಾವಲು ತಳವಾರನದು. ಊರಿನ ಮನೆಮನೆಯ ಪರಿಚಯವಿದ್ದ, ವಂಶಪಾರಂಪರ್ಯವಾಗಿ ಬಂದ ಹುದ್ದೆ ಅದು. 1861ರ ಪೊಲೀಸ್ ಕಾಯ್ದೆಯ ಮಾದರಿಯಲ್ಲಿ ರೂಪುಗೊಂಡ ಸಮವಸ್ತ್ರದ ಪಡೆ ಸರ್ಕಾರಕ್ಕೆ ಉತ್ತರ ಕೊಡುವ ಪಡೆಯಾಗಿತ್ತು, ಊರಿಗಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೊಂದಿಗೆ ತಳವಾರಿಕೆಯಂಥ ವಂಶಪಾರಂಪರ್ಯ ಹುದ್ದೆಗಳೂ ಕೊನೆಗೊಂಡವು. ಈಗಿನ ಪಡೆಗೆ ಆಧಾರವಾದ ಕರ್ನಾಟಕ ಪೊಲೀಸ್ ಕಾಯ್ದೆ 1963ರದು.

ಮಕ್ಕಳಿಗೆಂದೇ ಕಾನೂನು ಬಂದದ್ದು ಪ್ರಾಂತ್ಯವಾರಾಗಿ. 1920ರ ಮದ್ರಾಸ್ ಮಕ್ಕಳ ಕಾಯ್ದೆ ಆಗ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳನ್ನು ಒಳಗೊಂಡ ಪ್ರಾಂತ್ಯದ ಕಾನೂನು. 1924ರ ಮುಂಬಯಿ ಮಕ್ಕಳ ಕಾಯ್ದೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳಿದ್ದ ಪ್ರಾಂತ್ಯದ್ದು. ಏಕೀಕರಣದ ನಂತರ 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಮಕ್ಕಳ ಕಾಯ್ದೆ ಆಯಿತು. ಈ ಯಾವ ಕಾನೂನಿನಲ್ಲೂ ಪೊಲೀಸರಿಗೆ ಮಗುವನ್ನು ಹಿಡಿದು ನ್ಯಾಯಾಲಯಕ್ಕೆ ಒಪ್ಪಿಸುವುದಕ್ಕಿಂತ ಹೆಚ್ಚಿನ ಪಾತ್ರವಿರಲಿಲ್ಲ.

ಬದಲಾವಣೆ ತಂದದ್ದು 1986. ಪತ್ರಕರ್ತೆ ಶೀಲಾ ಬರ್ಸೆ ಹೂಡಿದ ಪ್ರಕರಣದಲ್ಲಿ ಮಕ್ಕಳನ್ನು ಜೈಲಿನಲ್ಲಿ ಇಡಬಾರದೆಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಸಂಸತ್ತು ಬಾಲನ್ಯಾಯ ಕಾಯ್ದೆಯನ್ನು ಅಂಗೀಕರಿಸಿತು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಅದಕ್ಕೆ ತಕ್ಕಂತೆ ತಿದ್ದಿ ಬರೆದ 2000ದ ಬಾಲನ್ಯಾಯ ಕಾಯ್ದೆಯಲ್ಲಿ ವಿಶೇಷ ಮಕ್ಕಳ ಪೊಲೀಸ್ ಘಟಕದ ಕಲ್ಪನೆ ಇತ್ತು. ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು, ಈಗಿನ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಂದು ಜಾರಿಗೆ ಬಂದವು.

ಕಾನೂನಿಗಿಂತ ಮೊದಲೇ ಬೀದಿಯಲ್ಲಿ ಕೆಲಸ ಶುರುವಾಗಿತ್ತು. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಮತ್ತು ಪಕ್ಕದ ರೈಲು ನಿಲ್ದಾಣ ಮನೆಬಿಟ್ಟು ಬಂದ ಮಕ್ಕಳು ಮೊದಲು ಇಳಿಯುತ್ತಿದ್ದ ಜಾಗ. 1980ರಲ್ಲಿ ಆರಂಭವಾದ ಬಾಸ್ಕೊ, 1981ರ ಆಪ್ಸಾ ಮುಂತಾದ ಸಂಸ್ಥೆಗಳ ಕಾರ್ಯಕರ್ತರು ಅಲ್ಲಿ ಮಕ್ಕಳನ್ನು ಮಾತಾಡಿಸಿ ಊರು ಕೇರಿ ಪತ್ತೆಹಚ್ಚುತ್ತಿದ್ದರು. ನಗರ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ನಡೆದ ಮಕ್ಕಳ ಸಹಾಯವಾಣಿ ಮತ್ತು ವನಿತಾ ಸಹಾಯವಾಣಿಗಳು ಪೊಲೀಸರನ್ನೂ ಸಮಾಜ ಕಾರ್ಯಕರ್ತರನ್ನೂ ಒಂದೇ ಸೂರಿನಡಿ ತಂದವು. 1996ರಲ್ಲಿ ಮುಂಬಯಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಹುಟ್ಟಿದ 1098 ಸಹಾಯವಾಣಿ ಮುಂದೆ ದೇಶವಿಡೀ ಹಬ್ಬಿತು.

2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಬಾಲಕಿಯ ಮೇಲೆ ನಡೆದ ದೌರ್ಜನ್ಯ ಬೆಳಕಿಗೆ ಬಂದಾಗ ತಂದೆತಾಯಿಗಳು ಬೀದಿಗಿಳಿದು ಪ್ರತಿಭಟಿಸಿದರು. ಅದರ ಬೆನ್ನಿಗೇ ನಗರ ಪೊಲೀಸರು ಶಾಲೆಗಳಿಗೆ ಸುರಕ್ಷತಾ ಮಾರ್ಗಸೂಚಿ ಹೊರಡಿಸಿದರು: ಸಿಬ್ಬಂದಿಯ ಪೂರ್ವಾಪರ ಪರಿಶೀಲನೆ, ಸಿಸಿಟಿವಿ, ಶಾಲಾ ವಾಹನದಲ್ಲಿ ಮಹಿಳಾ ಸಹಾಯಕಿ, ಪೋಷಕರೊಂದಿಗೆ ನಿಯಮಿತ ಸಭೆ. ರಾಜ್ಯ ಸರ್ಕಾರ 2016ರಲ್ಲಿ ಮಕ್ಕಳ ರಕ್ಷಣಾ ನೀತಿಯನ್ನು ರೂಪಿಸಿತು.

ರಚನೆ

ಬಾಲನ್ಯಾಯ ಕಾಯ್ದೆಯ 107ನೆಯ ಕಲಮು ಈ ವ್ಯವಸ್ಥೆಯ ಕೀಲು. ಅದರ ಪ್ರಕಾರ ಪ್ರತಿ ಠಾಣೆಯಲ್ಲೂ ಸಹಾಯಕ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿಯನ್ನಾದರೂ ‘ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ’ ಎಂದು ಹೆಸರಿಸಬೇಕು. ಮಗು ನೊಂದಿರಲಿ, ತಪ್ಪು ಮಾಡಿರಲಿ, ವಿಷಯ ಈ ಅಧಿಕಾರಿಯದೇ. ಪ್ರತಿ ಜಿಲ್ಲೆ ಮತ್ತು ನಗರದಲ್ಲಿ ಡಿವೈಎಸ್‌ಪಿ ಅಥವಾ ಅದಕ್ಕೆ ಮೇಲಿನ ದರ್ಜೆಯ ಅಧಿಕಾರಿಯ ನೇತೃತ್ವದಲ್ಲಿ ವಿಶೇಷ ಮಕ್ಕಳ ಪೊಲೀಸ್ ಘಟಕ ಇರುತ್ತದೆ. ಠಾಣೆಗಳ ಮಕ್ಕಳ ಕಲ್ಯಾಣ ಅಧಿಕಾರಿಗಳೆಲ್ಲ ಇದರ ಸದಸ್ಯರು. ಜೊತೆಗೆ ಅನುಭವವುಳ್ಳ ಇಬ್ಬರು ಸಮಾಜ ಕಾರ್ಯಕರ್ತರಿರಬೇಕು, ಅವರಲ್ಲಿ ಒಬ್ಬರು ಮಹಿಳೆ. ಮಕ್ಕಳ ವಿಷಯ ನೋಡುವ ರೈಲ್ವೆ ಪೊಲೀಸರೂ ಘಟಕದ ವ್ಯಾಪ್ತಿಗೆ ಬರುತ್ತಾರೆ. ಪೊಲೀಸರಲ್ಲದ ಇಬ್ಬರನ್ನು ಪೊಲೀಸ್ ಘಟಕದೊಳಗೆ ಕಾನೂನೇ ಕೂರಿಸಿರುವುದು ಗಮನಾರ್ಹ; ಮನೆಯವರ ಜೊತೆ ಮಾತುಕತೆ, ಮಗುವಿನ ಹಿನ್ನೆಲೆ ಸಂಗ್ರಹ ಇವರ ಕೆಲಸದ ಮುಖ್ಯ ಭಾಗ.

ಠಾಣೆಯ ಆಚೆಗಿನ ಕೊಂಡಿಗಳು ಹಲವು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಮಕ್ಕಳ ಕಲ್ಯಾಣ ಸಮಿತಿಯೇ ಮಗು ಮನೆಗೆ ಹೋಗಬೇಕೆ, ಬಾಲಮಂದಿರಕ್ಕೆ ಹೋಗಬೇಕೆ ಎಂದು ತೀರ್ಮಾನಿಸುತ್ತದೆ. ಪೊಲೀಸರಿಗೆ ಆ ಅಧಿಕಾರವಿಲ್ಲ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮನೆ ಪರಿಶೀಲನೆ, ಆಪ್ತಸಮಾಲೋಚನೆ, ಅನುಸರಣೆ ನಡೆಸುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ವಕೀಲರನ್ನೂ ಪರಿಹಾರವನ್ನೂ ಒದಗಿಸುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮೇಲ್ವಿಚಾರಣೆ ಮಾಡುತ್ತದೆ. ಹಳ್ಳಿಯ ಮಟ್ಟದಲ್ಲಿ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಶಾಲಾ ಮುಖ್ಯಶಿಕ್ಷಕ ಮತ್ತು ಬೀಟ್ ಕಾನ್‌ಸ್ಟೆಬಲ್ – ಈ ಐವರ ನಡುವೆ ಸುದ್ದಿ ಹರಿದಾಡುವುದರ ಮೇಲೆ ಮಿಕ್ಕೆಲ್ಲವೂ ನಿಂತಿದೆ.

ಕುಟುಂಬದೊಡನೆ ಕೆಲಸ ನಡೆಯುವ ಬಗೆ

ಬಾಲನ್ಯಾಯ ಕಾಯ್ದೆಯ ಮೂರನೆಯ ಕಲಮು ಹೇಳುವ ತತ್ವಗಳಲ್ಲಿ ಎರಡು ಇಲ್ಲಿ ಮುಖ್ಯ. ಮಗುವಿನ ಪಾಲನೆ, ಪೋಷಣೆಯ ಮೊದಲ ಹೊಣೆ ಕುಟುಂಬದ್ದು. ಸಂಸ್ಥೆಯಲ್ಲಿ ಇಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಹೀಗಾಗಿ ಪೊಲೀಸರ ಯಾವುದೇ ಕ್ರಮವೂ ಮಗುವಿನ ಮನೆಯನ್ನು ಹುಡುಕುವುದರಿಂದ ಆರಂಭವಾಗುತ್ತದೆ. ಪೊಲೀಸರ ಕೈಗೆ ಬಂದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿ ಅಥವಾ ಸಮಿತಿಯ ಮುಂದೆ ಹಾಜರುಪಡಿಸಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ.

ಕಾಣೆಯಾದ ಮಕ್ಕಳು: ಮಗು ಕಾಣೆಯಾದರೆ 24 ಗಂಟೆ ಕಾದು ದೂರು ಕೊಡಬೇಕೆಂಬ ನಂಬಿಕೆ ಜನರಲ್ಲಿ ಇನ್ನೂ ಇದೆ. ಅಂಥ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಬಚ್‌ಪನ್ ಬಚಾವೊ ಆಂದೋಲನ ಹೂಡಿದ ಪ್ರಕರಣದಲ್ಲಿ 2013ರ ಮೇ 10ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ, ಮಗು ಕಾಣೆಯಾದ ದೂರು ಬಂದ ಕೂಡಲೇ ಎಫ್‌ಐಆರ್ ದಾಖಲಿಸಬೇಕು. ಬೇರೆ ಕಾರಣ ತಿಳಿಯುವವರೆಗೆ ಅಪಹರಣ ಅಥವಾ ಮಾನವ ಸಾಗಣೆ ಎಂದೇ ಭಾವಿಸಿ ತನಿಖೆ ನಡೆಸಬೇಕು. ಮನೆಯವರಿಂದ ಇತ್ತೀಚಿನ ಫೋಟೊ, ತೊಟ್ಟ ಬಟ್ಟೆ, ಗುರುತು, ಸ್ನೇಹಿತರ ಹೆಸರು, ಫೋನ್ ಬಳಕೆ, ಹಿಂದೆ ಮನೆಯಲ್ಲಿ ಆದ ಜಗಳ ಇತ್ಯಾದಿ ವಿವರ ಪಡೆಯಲಾಗುತ್ತದೆ. ಕೊನೆಯದನ್ನು ಹೇಳಲು ಮನೆಯವರು ಹಿಂಜರಿಯುವುದುಂಟು. ಹುಡುಕಾಟದ ದಿಕ್ಕು ಮಾತ್ರ ಎಷ್ಟೋ ಸಲ ಅದರಿಂದಲೇ ಗೊತ್ತಾಗುತ್ತದೆ. ಠಾಣೆಯ ವ್ಯಾಪ್ತಿ ಯಾವುದೆಂಬ ನೆಪ ಸಲ್ಲದು: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಾದರೂ ಮಾಹಿತಿ ದಾಖಲಿಸಿಕೊಳ್ಳಬೇಕು. ರೂಢಿಯಲ್ಲಿ ಇದಕ್ಕೆ ಜೀರೊ ಎಫ್‌ಐಆರ್ ಎನ್ನುತ್ತಾರೆ. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ತನಿಖೆ ಮಾನವ ಸಾಗಣೆ ತಡೆ ಘಟಕಕ್ಕೆ ಹೋಗುತ್ತದೆ.

ಅಪಹರಣದ ವ್ಯಾಖ್ಯೆಯಲ್ಲೂ ಬದಲಾವಣೆಯಾಗಿದೆ. ಹಳೆಯ ದಂಡ ಸಂಹಿತೆಯಲ್ಲಿ ಪೋಷಕರ ವಶದಿಂದ ಕರೆದೊಯ್ಯುವ ಅಪರಾಧಕ್ಕೆ ಹುಡುಗರಿಗೆ 16, ಹುಡುಗಿಯರಿಗೆ 18 ಎಂಬ ಬೇರೆ ವಯೋಮಿತಿ ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೆಯ ಕಲಮು ಇಬ್ಬರಿಗೂ 18 ಎಂದು ನಿಗದಿ ಮಾಡಿದೆ.

ಸಿಕ್ಕ ಮಕ್ಕಳನ್ನು ಕಾಣೆಯಾದವರ ಪಟ್ಟಿಗೆ ಹೋಲಿಸಿ ನೋಡುವ ಕಾರ್ಯಾಚರಣೆಗಳಿಗೆ ಆಪರೇಷನ್ ಸ್ಮೈಲ್, ಆಪರೇಷನ್ ಮುಸ್ಕಾನ್ ಎಂಬ ಹೆಸರಿದೆ. ಗಾಜಿಯಾಬಾದ್ ಪೊಲೀಸರ 2014ರ ಪ್ರಯೋಗವನ್ನು 2015ರ ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ದೇಶಕ್ಕೆಲ್ಲ ವಿಸ್ತರಿಸಲಾಯಿತು. ಇಟ್ಟಿಗೆ ಗೂಡು, ಗ್ಯಾರೇಜು, ಹೋಟೆಲ್, ಬಾಲಮಂದಿರ, ರೈಲು ನಿಲ್ದಾಣಗಳಲ್ಲಿ ಇರುವ ಮಕ್ಕಳ ಫೋಟೊ ಮತ್ತು ವಿವರಗಳನ್ನು ಟ್ರ್ಯಾಕ್‌ಚೈಲ್ಡ್ ಜಾಲತಾಣಕ್ಕೆ ಸೇರಿಸುವುದು ಅದರ ತಿರುಳು. ತಾಣವು ಈಗ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಭಾಗ.

ಲೈಂಗಿಕ ಅಪರಾಧಗಳು: ಪೊಲೀಸ್ ಪದ್ಧತಿ ಅತಿ ಹೆಚ್ಚು ಬದಲಾಗಿರುವುದು ಇಲ್ಲಿ. ಪೋಕ್ಸೊ ಕಾಯ್ದೆಯ ನಡಾವಳಿಗಳನ್ನು ಒಟ್ಟಾಗಿ ಓದಿದರೆ ಅವುಗಳ ಉದ್ದೇಶ ಸ್ಪಷ್ಟ: ಮಗು ಠಾಣೆಗೆ ಬರಬೇಕಾಗಿಲ್ಲ, ಠಾಣೆಯೇ ಮಗುವಿರುವಲ್ಲಿಗೆ ಹೋಗಬೇಕು. 24ನೆಯ ಕಲಮಿನಂತೆ ಹೇಳಿಕೆಯನ್ನು ಮಗುವಿನ ಮನೆಯಲ್ಲಿ, ಮಗು ಸಾಮಾನ್ಯವಾಗಿ ಇರುವ ಜಾಗದಲ್ಲಿ ಅಥವಾ ಅದು ಬಯಸಿದ ಕಡೆ ಪಡೆಯಬೇಕು. ಸಾಧ್ಯವಾದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಅವರು ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. 26ನೆಯ ಕಲಮಿನಂತೆ ತಂದೆತಾಯಿ ಅಥವಾ ಮಗು ನಂಬುವ ಬೇರೊಬ್ಬರ ಎದುರಿನಲ್ಲಿ, ಮಗು ಆಡಿದ ಮಾತಿನಲ್ಲೇ ಹೇಳಿಕೆ ಬರೆದುಕೊಳ್ಳಬೇಕು. ತುಳು, ಕೊಂಕಣಿ, ಬ್ಯಾರಿ, ಲಂಬಾಣಿ, ಉರ್ದು ಆಡುವ ಮಕ್ಕಳಿಗೆ ಅಗತ್ಯವಿದ್ದಾಗ ಅನುವಾದಕರ ನೆರವು ಪಡೆಯಲು ಅವಕಾಶವಿದೆ. ಅಂಗವೈಕಲ್ಯವಿರುವ ಮಗುವಿಗೆ ವಿಶೇಷ ಶಿಕ್ಷಕರ ನೆರವು. ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು.

ಅಪರಾಧ ನಡೆದದ್ದು ಗೊತ್ತಿದ್ದೂ ತಿಳಿಸದಿರುವುದು 21ನೆಯ ಕಲಮಿನಡಿ ಶಿಕ್ಷಾರ್ಹ. ಶಿಕ್ಷಕರು, ವೈದ್ಯರು, ನೆರೆಹೊರೆಯವರು, ಮನೆಯವರು ಎಲ್ಲರೂ ಇದಕ್ಕೆ ಒಳಪಟ್ಟವರು. ಮಕ್ಕಳಿಗೆ ಮಾತ್ರ ವಿನಾಯಿತಿ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ. ಮರ್ಯಾದೆಗೆ ಅಂಜಿ ರಾಜಿ ಮಾಡಿಕೊಳ್ಳುವ ಪದ್ಧತಿಗೆ ಕಾನೂನಿನಲ್ಲಿ ಜಾಗವಿಲ್ಲ. ಮಗುವಿನ ಹೆಸರು, ಫೋಟೊ, ಮನೆ, ಶಾಲೆಯ ಗುರುತು ಬಯಲಾಗುವಂತೆ ಪ್ರಕಟಿಸುವುದೂ ಅಪರಾಧ.

ಕುಟುಂಬದ ಪಾತ್ರ ಸೂಕ್ಷ್ಮವಾಗುವುದೂ ಇದೇ ಪ್ರಕರಣಗಳಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರದಿಗಳ ಪ್ರಕಾರ ಪೋಕ್ಸೊ ಅಡಿಯ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಪರಿಚಿತ: ಮನೆಯವರು, ಬಂಧುಗಳು, ನೆರೆಯವರು, ಸ್ನೇಹಿತರು. ಇದನ್ನು ಗಮನದಲ್ಲಿಟ್ಟೇ 2020ರ ಪೋಕ್ಸೊ ನಿಯಮಗಳು, ಆರೋಪಿ ಮಗುವಿನ ಜೊತೆ ಒಂದೇ ಮನೆಯಲ್ಲಿ ವಾಸವಿದ್ದರೆ 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತವೆ. ಮಗುವನ್ನು ಮನೆಯಿಂದ ಬೇರೆ ಕಡೆ ಇರಿಸಬೇಕೆ ಎಂಬುದನ್ನು ಸಮಿತಿ ಮೂರು ದಿನದೊಳಗೆ ತೀರ್ಮಾನಿಸಬೇಕು. ಮಗುವಿಗೂ ಮನೆಯವರಿಗೂ ಆಸ್ಪತ್ರೆ, ಠಾಣೆ, ನ್ಯಾಯಾಲಯಗಳಲ್ಲಿ ಜೊತೆಗಿರಲು ‘ಬೆಂಬಲ ವ್ಯಕ್ತಿ’ಯನ್ನು ನೇಮಿಸಲು ಅವಕಾಶವಿದೆ. ಬಂಧನ, ಜಾಮೀನು, ದೋಷಾರೋಪ ಪಟ್ಟಿ, ವಿಚಾರಣೆಯ ದಿನಾಂಕ ಇವುಗಳನ್ನು ಮನೆಯವರಿಗೆ ತಿಳಿಸುತ್ತಿರುವುದು ಕಾನೂನಿನ ಕರ್ತವ್ಯ, ಪೊಲೀಸರು ತೋರುವ ದಾಕ್ಷಿಣ್ಯವಲ್ಲ.

ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಕ್ಕಳು: 2016ರ ಬಾಲನ್ಯಾಯ ಮಾದರಿ ನಿಯಮಗಳ 8ನೆಯ ನಿಯಮದಂತೆ ಘೋರ ಅಪರಾಧ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ ಅಪರಾಧವಲ್ಲದಿದ್ದರೆ ಎಫ್‌ಐಆರ್ ದಾಖಲಿಸುವಂತಿಲ್ಲ. ಮಾಹಿತಿಯನ್ನು ಠಾಣಾ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳುಹಿಸಬೇಕು. ಕೋಳ ತೊಡಿಸುವುದು, ತಪ್ಪೊಪ್ಪಿಗೆಗೆ ಬಲವಂತ ಮಾಡುವುದು, ಹೇಳಿಕೆಗೆ ಸಹಿ ಹಾಕಿಸುವುದು ನಿಷಿದ್ಧ. ತಂದೆತಾಯಿಗೆ ಕೂಡಲೇ ತಿಳಿಸಬೇಕು. ವಿಚಾರಣೆ ವೇಳೆ ಅವರು ಜೊತೆಗಿರಬಹುದು. ಇಲ್ಲಿಯೂ ಅಧಿಕಾರಿ ಸಾದಾ ಉಡುಪಿನಲ್ಲಿರಬೇಕು. ಠಾಣೆಗಳಲ್ಲಿ ಗೋಡೆಗೆ ಚಿತ್ರ ಬರೆದು, ಆಟಿಕೆ ಪುಸ್ತಕಗಳನ್ನಿಟ್ಟು ‘ಮಕ್ಕಳ ಸ್ನೇಹಿ’ ಕೊಠಡಿ ಮಾಡಿರುವುದು ಈ ನಿಯಮದ ಫಲ. ಬಣ್ಣ ಬಳಿಯುವುದು ಸುಲಭದ ಭಾಗ. ನಿಯಮದ ತೂಕವಿರುವುದು ಉಳಿದ ಷರತ್ತುಗಳಲ್ಲಿ.

ಬಾಲ್ಯವಿವಾಹ: 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ಮೂಲ ಕಾಯ್ದೆಯಲ್ಲಿ ಇಂಥ ಮದುವೆ ಬಹುಪಾಲು ಅಸಿಂಧುಗೊಳಿಸಬಹುದಾದದ್ದು ಮಾತ್ರ. ಕರ್ನಾಟಕದ ತಿದ್ದುಪಡಿ ಅದನ್ನು ಆರಂಭದಿಂದಲೇ ಅನೂರ್ಜಿತ ಎಂದಿತು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ಶಿಫಾರಸುಗಳ ಬಳಿಕ ಬಂದ ಈ ಬದಲಾವಣೆಯನ್ನು ಸುಪ್ರೀಂ ಕೋರ್ಟ್ 2017ರ ತೀರ್ಪೊಂದರಲ್ಲಿ ಮೆಚ್ಚಿ ಉಲ್ಲೇಖಿಸಿದೆ. ಮದುವೆ ಮಾಡಿಸಿದ ತಂದೆತಾಯಿ, ಪುರೋಹಿತರು, ಕಲ್ಯಾಣ ಮಂಟಪದವರು ಎಲ್ಲರೂ ಹೊಣೆಗಾರರಾಗಬಹುದು. ವಾಸ್ತವದಲ್ಲಿ ಬಹುತೇಕ ಪ್ರಕರಣಗಳು 1098ಕ್ಕೆ ಬಂದ ಕರೆಯಿಂದ ಆರಂಭವಾಗುತ್ತವೆ. ಎಷ್ಟೋ ಸಲ ಕರೆ ಮಾಡುವವಳು ಹುಡುಗಿಯೇ ಅಥವಾ ಅವಳ ಸಹಪಾಠಿ. ಪೊಲೀಸರು, ಬಾಲ್ಯವಿವಾಹ ನಿಷೇಧಾಧಿಕಾರಿಗಳು ಮನೆಗೆ ಹೋಗಿ ವಯಸ್ಸಿನ ದಾಖಲೆ ಪರಿಶೀಲಿಸಿ ಮದುವೆ ನಿಲ್ಲಿಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಮುಚ್ಚಳಿಕೆ ಬರೆದುಕೊಟ್ಟ ಮನೆಯವರೇ ಕೆಲವು ದಿನಗಳ ನಂತರ ಬೇರೆ ಊರಲ್ಲಿ ಮದುವೆ ನಡೆಸಿದ ಉದಾಹರಣೆಗಳಿರುವುದರಿಂದ ಮರುಭೇಟಿ ಅನಿವಾರ್ಯ. ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾಧಿಕಾರಿಗೆ ವಿಶೇಷ ಅಧಿಕಾರವನ್ನು ಕಾಯ್ದೆಯೇ ಆ ಹಬ್ಬದ ಹೆಸರು ಹೇಳಿ ಕೊಟ್ಟಿದೆ.

ರಸ್ತೆ: 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 199ಎ ಕಲಮಿನಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಇಲ್ಲ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಗುವನ್ನು ಬೈಕಿನಲ್ಲಿ ಕರೆದೊಯ್ಯುವಾಗ ಸುರಕ್ಷಾ ಪಟ್ಟಿ, ಹೆಲ್ಮೆಟ್ ಮತ್ತು ಗಂಟೆಗೆ 40 ಕಿ.ಮೀ. ವೇಗಮಿತಿ 2023ರ ಫೆಬ್ರವರಿಯಿಂದ ಕಡ್ಡಾಯ.

ಆನ್‌ಲೈನ್ ಅಪಾಯಗಳು: ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹಂಚುವುದು, ಹುಡುಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಇಂಥ ಚಿತ್ರಗಳನ್ನು ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಅಡಿ ಶಿಕ್ಷಾರ್ಹವಾಗಬಲ್ಲದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿತು. ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರದೊಂದಿಗೆ 2019ರಲ್ಲಿ ಆದ ಒಪ್ಪಂದದಂತೆ ಅಲ್ಲಿಂದ ಬರುವ ಸುಳಿವುಗಳು ಅಪರಾಧ ದಾಖಲೆ ಬ್ಯೂರೊ ಮೂಲಕ ರಾಜ್ಯ ಪೊಲೀಸರಿಗೆ ತಲುಪುತ್ತವೆ. ಫೋಟೊ ತಿರುಚಿ ಬೆದರಿಸುವ, ಆನ್‌ಲೈನ್ ಆಟದಲ್ಲಿ ಹಣ ಕೀಳುವ ಪ್ರಕರಣಗಳಲ್ಲಿ ಮಗು ಮನೆಯವರ ಬೈಗುಳಕ್ಕೆ ಹೆದರಿ ಮುಚ್ಚಿಡುವುದರಿಂದ ದೂರು ತಡವಾಗುತ್ತದೆ. ಸೈಬರ್ ಠಾಣೆಗಳ ಜಾಗೃತಿ ಕಾರ್ಯಕ್ರಮಗಳು ಪೋಷಕರಿಗೆ ಮೊದಲು ಹೇಳುವುದು ಎರಡು ಮಾತು: ಫೋನಿನಲ್ಲಿರುವ ಸಂದೇಶಗಳನ್ನು ಅಳಿಸಬೇಡಿ, ಕೇಳಿದ ಹಣ ಕಳುಹಿಸಬೇಡಿ.

ಸಮುದಾಯ ಪೊಲೀಸ್ ಕಾರ್ಯಕ್ರಮಗಳು

ಕರ್ನಾಟಕ ಪೊಲೀಸ್ 2017ರಲ್ಲಿ ಗಸ್ತು ಪದ್ಧತಿಯನ್ನು ಮಾರ್ಪಡಿಸಿತು. ರಾತ್ರಿ ಗಸ್ತಿನ ಪುಸ್ತಕಕ್ಕೆ ಸಹಿ ಹಾಕಿ ಬರುವ ಹಳೆಯ ಕ್ರಮಕ್ಕೆ ಬದಲು ಠಾಣಾ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಯ ಹೊಣೆಗೆ ಒಪ್ಪಿಸುವುದು, ಆ ಪ್ರದೇಶದ ನಾಗರಿಕರನ್ನು ಬೀಟ್ ಸದಸ್ಯರನ್ನಾಗಿ ಸೇರಿಸಿಕೊಳ್ಳುವುದು ಇದರ ಲಕ್ಷಣ. 2025ರಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಇದೇ ಚಿಂತನೆಯ ಮುಂದುವರಿಕೆ: ಠಾಣಾ ವ್ಯಾಪ್ತಿಯ ಮನೆಗಳನ್ನು ಗುಂಪುಗಳಾಗಿ ವಿಂಗಡಿಸಿ, ಸಿಬ್ಬಂದಿ ಮನೆಗೇ ಹೋಗಿ ಕುಂದುಕೊರತೆ ಕೇಳಿ, ಸೈಬರ್ ವಂಚನೆ, ಮಹಿಳೆ ಮತ್ತು ಮಕ್ಕಳ ಸುರಕ್ಷತೆಯ ಮಾಹಿತಿ ಕೊಡುತ್ತಾರೆ.

‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ಠಾಣೆಗೆ ಭೇಟಿ ಕೊಟ್ಟು ದೂರು ಹೇಗೆ ದಾಖಲಾಗುತ್ತದೆ, ವಾಕಿಟಾಕಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುತ್ತಾರೆ. ಊಟ ಮಾಡದಿದ್ದರೆ ಪೊಲೀಸಿಗೆ ಹಿಡಿದುಕೊಡುತ್ತೇವೆ ಎಂದು ಮನೆಗಳಲ್ಲಿ ಹೆದರಿಸುವ ವಾಡಿಕೆ ಇರುವ ನಾಡಿನಲ್ಲಿ ಇದು ಸಣ್ಣ ಕಾರ್ಯಕ್ರಮವಲ್ಲ. ಪೊಲೀಸರೆಂದರೆ ಬೆಚ್ಚುವ ಮಗು ಕಷ್ಟ ಬಂದಾಗ ಅವರ ಬಳಿ ಹೋಗಲಾರದು. ಹಲವು ಜಿಲ್ಲೆಗಳಲ್ಲಿ ಓಬವ್ವ ಪಡೆ ಎಂಬ ಮಹಿಳಾ ಪೊಲೀಸ್ ತಂಡಗಳು ಶಾಲಾ ಕಾಲೇಜುಗಳ ಸುತ್ತ ಗಸ್ತು ತಿರುಗುತ್ತವೆ.

ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆ ಕರ್ನಾಟಕದ ವಿಶಿಷ್ಟ ವೇದಿಕೆ. ಶಾಲೆಯ ದಾರಿಯಲ್ಲಿನ ಮದ್ಯದಂಗಡಿ, ಬೀದಿದೀಪವಿಲ್ಲದ ರಸ್ತೆ, ಬಸ್ಸಿನಲ್ಲಿ ಕಿರುಕುಳ, ಶೌಚಾಲಯದ ಬಾಗಿಲು ಇಂಥ ವಿಷಯಗಳನ್ನು ಮಕ್ಕಳೇ ಎತ್ತುತ್ತಾರೆ. ಸ್ಥಳೀಯ ಠಾಣೆಯ ಪ್ರತಿನಿಧಿಯೂ ಹಾಜರಿದ್ದರೆ ಉತ್ತರ ಅಲ್ಲೇ ಸಿಗುತ್ತದೆ. ಪಂಚಾಯಿತಿ ಮಟ್ಟದ ಕಾವಲು ಸಮಿತಿಗಳು ಮಕ್ಕಳ ಸಾಗಣೆ, ಬಾಲ್ಯವಿವಾಹಗಳ ಮೇಲೆ ಕಣ್ಣಿಡಲೆಂದು ರೂಪುಗೊಂಡವು. ಕೆಲವೆಡೆ ಅವು ಚುರುಕು, ಹಲವೆಡೆ ಕಾಗದದಲ್ಲಿ ಮಾತ್ರ.

ತರಬೇತಿಯಲ್ಲಿ ಬೆಂಗಳೂರಿನ ಸಂಸ್ಥೆಗಳ ಪಾಲು ದೊಡ್ಡದು. ನಿಮ್ಹಾನ್ಸ್‌ನ ‘ಸಂವಾದ್’ ಕೇಂದ್ರ ಮಗುವಿನ ಮನಸ್ಸಿನ ಆಘಾತ, ಸಂದರ್ಶನದ ವಿಧಾನ ಕುರಿತು ಪೊಲೀಸರೂ ಸೇರಿದಂತೆ ಮಕ್ಕಳ ರಕ್ಷಣೆಯಲ್ಲಿ ತೊಡಗಿದವರಿಗೆ ತರಬೇತಿ ಕೊಡುತ್ತದೆ. ರಾಷ್ಟ್ರೀಯ ಕಾನೂನು ಶಾಲೆಯ ಮಗು ಮತ್ತು ಕಾನೂನು ಕೇಂದ್ರ ಪೋಕ್ಸೊ ವಿಶೇಷ ನ್ಯಾಯಾಲಯಗಳ ಅಧ್ಯಯನ ನಡೆಸಿದೆ. 2001ರಲ್ಲಿ ಸ್ಥಾಪನೆಯಾದ ಎನ್‌ಫೋಲ್ಡ್ ಸಂಸ್ಥೆ ಬೆಂಬಲ ವ್ಯಕ್ತಿಗಳನ್ನು ಒದಗಿಸುವುದರಲ್ಲಿ ಹೆಸರಾಗಿದೆ.

ಇತರ ಪ್ರದೇಶಗಳು

ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲಿ ಪ್ರತೀಪ್ ಫಿಲಿಪ್ ಆರಂಭಿಸಿದ ‘ಪೊಲೀಸರ ಗೆಳೆಯರು’ ಯೋಜನೆ ನಾಗರಿಕರನ್ನು ಠಾಣೆಯ ಕೆಲಸಕ್ಕೆ ಸೇರಿಸಿಕೊಂಡ ಮುಂಚಿನ ಪ್ರಯತ್ನಗಳಲ್ಲಿ ಒಂದು. ಕೇರಳದ ‘ಜನಮೈತ್ರಿ’ 2008ರಲ್ಲಿ 20 ಠಾಣೆಗಳಲ್ಲಿ ಶುರುವಾಗಿ ಕನ್ನಡಿಗರು ನೆಲೆಸಿರುವ ಕಾಸರಗೋಡು ಸೇರಿ ಎಲ್ಲ ಜಿಲ್ಲೆಗಳಿಗೆ ಹಬ್ಬಿತು. ಬೀಟ್ ಅಧಿಕಾರಿ ತನ್ನ ವ್ಯಾಪ್ತಿಯ ಮನೆಮನೆಗೆ ಹೋಗುವುದು ಅದರ ಜೀವಾಳ. ಅಲ್ಲೇ 2010ರಲ್ಲಿ ಹುಟ್ಟಿದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯನ್ನು ಕೇಂದ್ರ ಸರ್ಕಾರ 2018ರಲ್ಲಿ ದೇಶಕ್ಕೆಲ್ಲ ಅಳವಡಿಸಿತು. ಕರ್ನಾಟಕದ ಶಾಲೆಗಳಲ್ಲೂ ಅದು ಇದೆ. ಮನೆಭೇಟಿಯ ಮಾದರಿ ಹಳೆಯದಾಗಿರುವುದು ಜಪಾನಿನಲ್ಲಿ. ಅಲ್ಲಿನ ಕೋಬಾನ್ ಎಂಬ ಬೀದಿಬದಿಯ ಪುಟ್ಟ ಠಾಣೆಗಳ ಇತಿಹಾಸ 1874ರ ಟೋಕಿಯೊಗೆ ಹೋಗುತ್ತದೆ. ಹೆದರಿದ ಮಗು ಓಡಿಹೋಗಿ ಆಶ್ರಯ ಪಡೆಯಬಹುದಾದ ಅಂಗಡಿ, ಮನೆಗಳಿಗೆ ವಿಶೇಷ ಫಲಕ ಹಾಕುವ ಪದ್ಧತಿಯೂ ಅಲ್ಲಿದೆ.

ತೊಡಕುಗಳು

ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಮಕ್ಕಳ ವಿಷಯ ಮಾತ್ರ ನೋಡಬೇಕೆಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ಅದೇ ಅಧಿಕಾರಿಗೆ ಬಂದೋಬಸ್ತು, ಸಮನ್ಸ್ ಜಾರಿ, ಚುನಾವಣಾ ಕರ್ತವ್ಯ ಎಲ್ಲವೂ ಇರುತ್ತವೆ. ತರಬೇತಿ ಪಡೆದವರು ವರ್ಗವಾಗಿ ಹೋದರೆ ಠಾಣೆ ಮೊದಲಿನಿಂದ ಆರಂಭಿಸಬೇಕು. ಮಹಿಳಾ ಸಬ್‌ಇನ್‌ಸ್ಪೆಕ್ಟರ್‌ಗಳ ಕೊರತೆಯಿಂದ ಪಕ್ಕದ ಠಾಣೆಯಿಂದ ಕರೆಸಿ ಹೇಳಿಕೆ ಪಡೆಯುವುದೂ ಉಂಟು.

ಎರಡನೆಯ ತೊಡಕು ಹದಿಹರೆಯದವರ ಪ್ರೇಮ ಪ್ರಕರಣಗಳದು. ಹದಿನಾರು ಹದಿನೇಳರ ಹುಡುಗಿ ಇಷ್ಟಪಟ್ಟು ಮನೆಬಿಟ್ಟಾಗ ತಂದೆತಾಯಿ ಅಪಹರಣದ ದೂರು ಕೊಡುತ್ತಾರೆ. ತನಿಖೆಯಲ್ಲಿ ಪೋಕ್ಸೊ ಸೇರಿಕೊಳ್ಳುತ್ತದೆ. ಮಗುವಿನ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಒಪ್ಪಿಗೆಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗ 2023ರ ತನ್ನ 283ನೆಯ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡವೆಂದು ಹೇಳಿ, 16ರಿಂದ 18ರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಲಯಕ್ಕೆ ಶಿಕ್ಷೆಯ ವಿವೇಚನೆ ಇರಬೇಕೆಂದಿತು. ಇಂಥ ಪ್ರಕರಣಗಳಲ್ಲಿ ಮನೆಯವರ ಕೋಪಕ್ಕೆ ಪೊಲೀಸ್ ವ್ಯವಸ್ಥೆ ಅಸ್ತ್ರವಾಗುತ್ತದೆ ಎಂಬ ಟೀಕೆ ನಿರಾಧಾರವಲ್ಲ. ಇಷ್ಟಪಟ್ಟು ಹೋದಂತೆ ಕಾಣುವ ಪ್ರಕರಣದಲ್ಲೂ ಸಾಗಣೆಯ ಜಾಲವಿರಬಹುದೆಂಬ ಪೊಲೀಸರ ಎಚ್ಚರಿಕೆಯೂ ನಿರಾಧಾರವಲ್ಲ.

ವದಂತಿ ಮೂರನೆಯದು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶಗಳಿಂದ 2018ರಲ್ಲಿ ದೇಶದ ಹಲವೆಡೆ ಗುಂಪುಹತ್ಯೆಗಳಾದವು. ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರು ಸತ್ತರು. ಮಕ್ಕಳ ಸುರಕ್ಷತೆಯ ಹೆಸರಿನ ಜನಜಾಗೃತಿ ನಿಖರ ಮಾಹಿತಿಯಿಲ್ಲದೆ ನಡೆದರೆ ಏನಾಗಬಹುದೆಂಬುದಕ್ಕೆ ಈ ಘಟನೆಗಳು ದಾಖಲೆ.

ಈಗಿನ ಸ್ಥಿತಿ

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಮಕ್ಕಳ ಮೇಲಿನ ಅಪರಾಧಗಳ 1,62,449 ಪ್ರಕರಣಗಳು ದಾಖಲಾದವು. ಹಿಂದಿನ ವರ್ಷ 1,49,404 ಇದ್ದವು. ಅಪಹರಣದ ಪಾಲು ಶೇ 45.7, ಪೋಕ್ಸೊ ಪ್ರಕರಣಗಳದು ಶೇ 39.7. ಏರಿಕೆಯಲ್ಲಿ ಎಷ್ಟು ಭಾಗ ಅಪರಾಧದ್ದು, ಎಷ್ಟು ಭಾಗ ದೂರು ಕೊಡುವ ಧೈರ್ಯ ಬೆಳೆದದ್ದರದು ಎಂದು ಈ ಅಂಕಿಗಳಷ್ಟರಿಂದಲೇ ಹೇಳಲಾಗದು.

ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತಿದ್ದ 1098 ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ವಹಿಸಿಕೊಂಡು ತುರ್ತು ಸ್ಪಂದನ ವ್ಯವಸ್ಥೆಯಾದ 112ರ ಜೊತೆ ಜೋಡಿಸಿದೆ. 1098ಕ್ಕೆ ಬಂದ ಕರೆಯಲ್ಲಿ ತಕ್ಷಣದ ಅಪಾಯ ಕಂಡರೆ ಅದು ಪೊಲೀಸ್ ವಾಹನಕ್ಕೆ ರವಾನೆಯಾಗುತ್ತದೆ. ಉಳಿದವು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುತ್ತವೆ. ಪೊಲೀಸರೆಂದರೆ ಅಂಜುವ ಮಗು ಕರೆ ಮಾಡಲು ಹಿಂಜರಿಯಬಹುದೆಂದು ಈ ಕ್ಷೇತ್ರದ ಸಂಘಟನೆಗಳು ಬದಲಾವಣೆಯ ಹೊತ್ತಿನಲ್ಲಿ ಆಕ್ಷೇಪಿಸಿದ್ದವು.

ಕರ್ನಾಟಕದಲ್ಲಿ ತಕ್ಷಣದ ಅಪಾಯಕ್ಕೆ 112, ಮಕ್ಕಳ ಸಹಾಯವಾಣಿ 1098 ಮತ್ತು ಸೈಬರ್ ವಂಚನೆಗೆ 1930 ಸಂಖ್ಯೆಗಳು ದಿನದ 24 ಗಂಟೆಯೂ ಕೆಲಸ ಮಾಡುತ್ತವೆ; ಮಗುವೇ ನೇರವಾಗಿ ಕರೆ ಮಾಡಬಹುದು.